ಸರ್ಟಿಫಿಕೇಟ್ ಇದೆ, ಕೈ ಪಳಗಿದೆಯೇ?

ಬಿ.ಇ., ಬಿಸಿಎ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ನಂಬಿಕೆ ಬೇರೂರಿದೆ: ಒಂದೆರಡು ಸರ್ಟಿಫಿಕೇಟ್ ಮಾಡಿಸಿಬಿಟ್ಟರೆ ಬೆಂಗಳೂರಿನಲ್ಲಿ ಐಟಿ ಕೆಲಸ ಗ್ಯಾರಂಟಿ. ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಕಡೂರಿನ ತೆಂಗು ಮಾರಿ ಬಂದ ದುಡ್ಡೂ ಈ ಮಾತನ್ನು ನಂಬಿ ಕೋಚಿಂಗ್ ಸೆಂಟರಿನ ಫೀಸಾಗುತ್ತಿದೆ. ಹಾಗಾಗಿ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಬಿಡಿಸಿ ನೋಡಲೇಬೇಕು.

ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೇ ಈ ಗ್ಯಾರಂಟಿ ಕೊಡುವುದಿಲ್ಲ. ಸಿಸ್ಕೋದ ಸಿಸಿಎನ್‌ಎ ಪರೀಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು, ಆದರೆ ಒಂದು ವರ್ಷವಾದರೂ ಕೆಲಸ ಮಾಡಿ ಬಂದರೆ ಒಳ್ಳೆಯದೆಂದು ಸಿಸ್ಕೋ ಸಲಹೆ ಕೊಡುತ್ತದೆ. ಅಮೆಜಾನಿನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯಲ್ಲಿ 130 ನಿಮಿಷಕ್ಕೆ 65 ಪ್ರಶ್ನೆ, ಪಾಸಾಗಲು 1000ಕ್ಕೆ 720 ಅಂಕ. ಅಲ್ಲಿಯೂ ಇದೇ ಸಲಹೆ. ಸೈಬರ್ ಭದ್ರತೆಯ ಸಿಐಎಸ್‌ಎಸ್‌ಪಿ ಇನ್ನೂ ಕಟ್ಟುನಿಟ್ಟು. ಬೇಕಾದಷ್ಟು ವರ್ಷಗಳ ಕೆಲಸದ ಅನುಭವವಿಲ್ಲದಿದ್ದರೆ ಪಾಸಾದರೂ ಆ ಬಿರುದು ಸಿಗದು. ಬರೀ ‘ಅಸೋಸಿಯೇಟ್’ ಆಗಿ ಉಳಿಯಬೇಕು.

ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ನನಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ನಾಲ್ಕರಲ್ಲಿ ಒಂದು ಉತ್ತರಕ್ಕೆ ಟಿಕ್ ಹಾಕುವ ಮಾತೇ ಇಲ್ಲ. ಮುಂದೆ ಒಂದು ಲಿನಕ್ಸ್ ಯಂತ್ರ ಇಡುತ್ತಾರೆ, ಕೆಲಸ ಹೇಳುತ್ತಾರೆ. ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಉಳಿದಿರಬೇಕು. ಡಿಸ್ಕಿನ ಹೊಸ ಭಾಗವೊಂದನ್ನು ಎಫ್‌ಎಸ್‌ಟ್ಯಾಬ್ ಕಡತಕ್ಕೆ ಸೇರಿಸುವಾಗ ಒಂದು ಅಕ್ಷರ ತಪ್ಪಿದರೂ ಯಂತ್ರ ಮೇಲೇಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು. ಆ ಕಪ್ಪು ಪರದೆಯನ್ನು ಹಿಂದೆ ನೋಡಿದ್ದವರು ರೂಟ್ ಪಾಸ್‌ವರ್ಡ್ ಕೊಟ್ಟು, ಆ ಸಾಲು ತಿದ್ದಿ ಮುಂದೆ ಹೋಗುತ್ತಾರೆ. ಪುಸ್ತಕದಲ್ಲಿ ಮಾತ್ರ ಓದಿದವರ ಕೈ ಅಲ್ಲಿಗೇ ನಿಲ್ಲುತ್ತದೆ.

ಇಂಟರ್‌ವ್ಯೂನಲ್ಲೂ ಕೇಳುವುದು ಇದನ್ನೇ: ‘ಕೆಟ್ಟು ನಿಂತಾಗ ಏನು ಮಾಡಿದೆ?’ ಡಂಪ್ಸ್ ಉರು ಹೊಡೆದು ಪಾಸಾದವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ಡಂಪ್ಸ್ ಎಂದರೆ ಕದ್ದ ಪ್ರಶ್ನೆಪತ್ರಿಕೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗಬಹುದು.

ಎರಡನೆಯ ನಂಬಿಕೆ ಹುಡುಗ ಹುಡುಗಿಯರ ಧೈರ್ಯವನ್ನೇ ಕುಂದಿಸುತ್ತದೆ: ಅನುಭವ ಬರಬೇಕಾದರೆ ಕೆಲಸ ಸಿಗಬೇಕು, ಕೆಲಸ ಸಿಗಬೇಕಾದರೆ ಅನುಭವ ಇರಬೇಕು ಎಂಬುದು. ಅನುಭವವೆಲ್ಲ ಸಂಬಳದ ಜೊತೆಗೇ ಬರಬೇಕಿಲ್ಲ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎರಡು ಸ್ವಿಚ್ ಇಟ್ಟು, ಎರಡು ವಿಲ್ಯಾನ್ ಮಾಡಿ, ನಡುವಿನ ಟ್ರಂಕ್‌ನಲ್ಲಿ ಒಂದು ವಿಲ್ಯಾನನ್ನು ಬೇಕೆಂದೇ ಬಿಟ್ಟುಬಿಡಿ. ಒಂದು ಜೋಡಿ ಕಂಪ್ಯೂಟರಿಗೆ ಪಿಂಗ್ ಹೋಗುತ್ತದೆ, ಇನ್ನೊಂದಕ್ಕೆ ಹೋಗುವುದಿಲ್ಲ. ಯಾಕೆಂದು ಹುಡುಕಿ, ಸರಿಮಾಡಿ, ಏನೇನು ನೋಡಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಲಿನಕ್ಸ್ ಕಲಿಯಬಹುದು. ಇದಕ್ಕೆ ಊರು ಬಿಡಬೇಕಾಗಿಲ್ಲ. ಪದವಿ, ಡಿಪ್ಲೊಮಾ ಆದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯುವ ದಾರಿಯೂ ಇದೆ. ನಮ್ಮ ಕಡೆ ಅದನ್ನು ಕೇಳಿ ತಿಳಿದುಕೊಳ್ಳುವವರು ತೀರಾ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

‘ಕೈಕೆಲಸ ಐಟಿಐ ಮಕ್ಕಳಿಗೆ, ಎಂಜಿನಿಯರಿಗಲ್ಲ’ ಎನ್ನುವವರು ಕೆಮ್ಮಣ್ಣುಗುಂಡಿಯ ಕಡೆ ನೋಡಲಿ. ಈಗ ಪ್ರವಾಸಿಗರು ಹೋಗುವ ಆ ಬೆಟ್ಟದಿಂದ ಒಂದು ಕಾಲಕ್ಕೆ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿಯ ಕಾರ್ಖಾನೆ ಸೇರುತ್ತಿತ್ತು. 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿದ್ದವರು ವಿಶ್ವೇಶ್ವರಯ್ಯ. ಆ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು. ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ದಿವಾನರಾಗಿದ್ದ ಎಂಜಿನಿಯರ್ ತಮ್ಮ ಹಣ ಹಾಕಿದ್ದು ಕೈ ಪಳಗಿಸುವ ವಿದ್ಯೆಗೆ.

ಹಾಗಾದರೆ ಸರ್ಟಿಫಿಕೇಟ್ ದಂಡವೇ? ಅಲ್ಲ. ರಾಶಿ ಬಯೋಡೇಟಾಗಳ ನಡುವೆ ಫ್ರೆಶರ್ ಹೆಸರು ಕಣ್ಣಿಗೆ ಬೀಳಲು ಅದು ನೆರವಾಗುತ್ತದೆ. ದೊಡ್ಡ ಕಂಪನಿಗಳ ಪಾರ್ಟ್‌ನರ್ ಆಗಿರುವ ಸಂಸ್ಥೆಗಳಿಗೆ ಸರ್ಟಿಫೈಡ್ ನೌಕರರು ಬೇಕೇ ಬೇಕು. ಅಡ್ಡಾದಿಡ್ಡಿ ಓದುವವರಿಗೆ ಅದರ ಸಿಲೆಬಸ್ ಒಂದು ಕ್ರಮ ಹಾಕಿಕೊಡುತ್ತದೆ. ಆದರೆ ಮೇಲೆ ಹೇಳಿದ ಸಿಸಿಎನ್‌ಎ, ಆರ್‌ಎಚ್‌ಸಿಎಸ್‌ಎ, ಅಮೆಜಾನ್ ಮೂರಕ್ಕೂ ಆಯಸ್ಸು ಮೂರೇ ವರ್ಷ. ಅಭ್ಯಾಸವಿಲ್ಲದೆ ಅವಸರದಲ್ಲಿ ಬರೆದರೆ ಕೆಲಸ ಹುಡುಕುವುದರಲ್ಲೇ ಆ ಅವಧಿ ಕರಗುತ್ತದೆ. ಮೊದಲು ಕೆಲವು ತಿಂಗಳು ಲ್ಯಾಬ್, ಆಮೇಲೆ ಪರೀಕ್ಷೆ.

ಫೀಸು ಕಟ್ಟುವ ಮುನ್ನ ಅಪ್ಪ ಅಮ್ಮಂದಿರು ಸೆಂಟರಿನವರನ್ನು ಸಂಕೋಚಪಡದೆ ಕೇಳಬೇಕು: ವಾರಕ್ಕೆ ಎಷ್ಟು ತಾಸು ನಮ್ಮ ಮಗು ತಾನೇ ಯಂತ್ರದ ಮುಂದೆ ಕೂರುತ್ತದೆ? ಒಬ್ಬೊಬ್ಬರಿಗೂ ಬೇರೆ ಬೇರೆ ಲ್ಯಾಬ್ ಇದೆಯೇ? ಕೋರ್ಸು ಮುಗಿದ ಮೇಲೆ ತಾನು ಮಾಡಿದ್ದೆಂದು ತೋರಿಸಲು ಅದರ ಕೈಯಲ್ಲಿ ಏನಿರುತ್ತದೆ? ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಎಂದರೆ ಏನೆಂದು ಕಾಗದದ ಮೇಲೆ ಬರೆದುಕೊಡುತ್ತೀರಾ?