ಚೂರಾದ ಚಿತ್ರ ಕೂಡಿಸುವ ಸುಖ

ಅಕ್ಷರಗಳನ್ನು ಚೌಕಗಳಲ್ಲಿ ತುಂಬುವ ಆಟಕ್ಕೆ ಕನ್ನಡದಲ್ಲಿ ‘ಪದಬಂಧ’ ಎಂಬ ಸೊಗಸಾದ ಹೆಸರು ದಕ್ಕಿತು. ಚಿತ್ರವೊಂದನ್ನು ಚೂರುಚೂರು ಮಾಡಿ ಮತ್ತೆ ಕೂಡಿಸುವ ಆಟಕ್ಕೆ ಆ ಭಾಗ್ಯ ಬರಲಿಲ್ಲ. ‘ಚಿತ್ರಬಂಧ’ ಎನ್ನೋಣವೆಂದರೆ, ಪದ್ಯವನ್ನು ಪದ್ಮದ, ಚಕ್ರದ, ಖಡ್ಗದ ಆಕಾರದಲ್ಲಿ ಹೊಂದಿಸುವ ಕಸರತ್ತಿಗೆ ಆ ಮಾತನ್ನು ಕಾವ್ಯಶಾಸ್ತ್ರದ ಪಂಡಿತರು ಎಂದೋ ಮೀಸಲಿಟ್ಟುಬಿಟ್ಟಿದ್ದಾರೆ. ಹಾಗಾಗಿ ನಮ್ಮ ಮನೆಗಳಲ್ಲಿ ಅದು ಜಿಗ್ಸಾ ಆಗಿಯೇ ಉಳಿದಿದೆ. ಜಿಗ್ಸಾ ಎಂದರೆ ಒಂದು ಬಗೆಯ ಗರಗಸ. ಆಟವನ್ನು ಆಡುವ ಬಗೆಯಿಂದ ಕರೆಯದೆ ಕೊಯ್ದ ಹತ್ಯಾರದಿಂದ ಕರೆಯುವುದು ವಿಚಿತ್ರವೇ ಸರಿ. ಚಪಾತಿಯನ್ನು ಲಟ್ಟಣಿಗೆ ಎಂದು ಕರೆದ ಹಾಗೆ.

ಈಗಂತೂ ಗರಗಸವೂ ಬೇಕಿಲ್ಲ, ರಟ್ಟೂ ಬೇಕಿಲ್ಲ. ಮೊಬೈಲಿನಲ್ಲಿರುವ ಯಾವುದೇ ಚಿತ್ರವನ್ನು ಅಂತರಜಾಲದ ತಾಣವೊಂದಕ್ಕೆ ಏರಿಸಿ, ಎಷ್ಟು ಚೂರು ಬೇಕೆಂದು ಹೇಳಿದರೆ ಅರೆಕ್ಷಣದಲ್ಲಿ ಕತ್ತರಿಸಿ, ಕಲಸಿ, ಮುಂದಿಡುತ್ತದೆ. ಆ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಜಗತ್ತಿನ ಯಾವ ಮೂಲೆಯಲ್ಲಿರುವವರಾದರೂ ಕೂಡಿಸಬಹುದು. 2020ರ ಲಾಕ್‌ಡೌನ್ ದಿನಗಳಲ್ಲಿ ಬಹುತೇಕ ಮನೆಗಳಿಗೆ ಹೊಕ್ಕ ಈ ಹವ್ಯಾಸ ಕೆಲವು ಮನೆಗಳಿಂದ ಹೊರಹೋಗಲೇ ಇಲ್ಲ. ಯಲಹಂಕ ಉಪನಗರದ ನಮ್ಮ ಮನೆ ಅಂಥವುಗಳಲ್ಲಿ ಒಂದು.

ಅಂಗಡಿಯ ಪೆಟ್ಟಿಗೆಗಳಲ್ಲಿ ಬರುವ ಜಿಗ್ಸಾಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ತಕರಾರಿತ್ತು. ಜರ್ಮನಿಯ ಕೋಟೆ, ಆಲ್ಪ್ಸ್ ಪರ್ವತ, ಡಚ್ಚರ ಗಾಳಿಯಂತ್ರ: ಇವನ್ನೇ ಸಾವಿರ ಚೂರುಗಳಿಂದ ಕಟ್ಟಿ ಕಟ್ಟಿ ನಮ್ಮ ಮಕ್ಕಳು ದೊಡ್ಡವರಾದರು. ನಮ್ಮ ಬಾಲ್ಯದಲ್ಲಿ ಹಳೆಯ ಕ್ಯಾಲೆಂಡರಿನ ಚಿತ್ರವನ್ನು ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ, ಅಮ್ಮನ ಕತ್ತರಿಯಿಂದ ಕತ್ತರಿಸಿ ಆಡುತ್ತಿದ್ದೆವು. ಅಲ್ಲಿ ಕೊನೆಪಕ್ಷ ಚಿತ್ರ ನಮ್ಮದಾಗಿರುತ್ತಿತ್ತು. ಅಂತರಜಾಲದ ಜಿಗ್ಸಾ ಆ ಕತ್ತರಿಯನ್ನು ಮತ್ತೆ ನಮ್ಮ ಕೈಗೆ ಕೊಟ್ಟಿದೆ.

ಈ ಆಟ ಹುಟ್ಟಿದ್ದು ವಿನೋದಕ್ಕಲ್ಲ, ಭೂಗೋಳದ ಪಾಠಕ್ಕೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆಯ ಕೆತ್ತನೆಗಾರ ಭೂಪಟಗಳನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ರಾಜ್ಯಗಳ ಗಡಿಗುಂಟ ಕೊಯ್ದು ಮಾರತೊಡಗಿದ. ಮಕ್ಕಳು ಕೂಡಿಸುತ್ತ ಯಾವ ರಾಜ್ಯದ ಪಕ್ಕ ಯಾವುದು ಎಂದು ಕಲಿಯಬೇಕು, ಅಷ್ಟೇ ಉದ್ದೇಶ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ಮಕ್ಕಳಿಗೂ ಅವರ ಮೇಲ್ವಿಚಾರಕಿ ಲೇಡಿ ಷಾರ್ಲೆಟ್ ಫಿಂಚ್ ಇಂಥ ಕೊಯ್ದ ಭೂಪಟಗಳಿಂದಲೇ ಪಾಠ ಹೇಳಿದಳು. ಸ್ಪಿಲ್ಸ್‌ಬರಿ 1769ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ತೀರಿಕೊಂಡ. ರಟ್ಟಿನ ಅಗ್ಗದ ಚೂರುಗಳು ಬಂದು ಇದು ಜನಸಾಮಾನ್ಯರ ಹುಚ್ಚಾಗಲು ಅಮೆರಿಕದ ಆರ್ಥಿಕ ಮಹಾಕುಸಿತವೇ ಬರಬೇಕಾಯಿತು. 1933ರಲ್ಲಿ ಆ ಹುಚ್ಚು ನೆತ್ತಿಗೇರಿದಾಗ ಅಲ್ಲಿ ವಾರಕ್ಕೆ ಒಂದು ಕೋಟಿ ಜಿಗ್ಸಾಗಳು ಖರ್ಚಾಗುತ್ತಿದ್ದವು. ಕೆಲಸವಿಲ್ಲದ ಕೈಗಳಿಗೆ ಕೆಲಸ, ಮುಗಿಸಿದೆನೆಂಬ ತೃಪ್ತಿ. ಬೇರೇನನ್ನೂ ಮುಗಿಸಲಾಗದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಭೂಪಟದಿಂದ ಹುಟ್ಟಿದ ಆಟವೆಂದಾಗ ಕನ್ನಡಿಗರಿಗೆ ಬೇರೊಂದು ನೆನಪು ಬಾರದೆ ಇರದು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಐದು ಪೆಟ್ಟಿಗೆಗಳಲ್ಲಿ ಹಂಚಿಹೋಗಿದ್ದ ಚೂರುಗಳನ್ನು 1956ರ ನವೆಂಬರ್ 1ರಂದು ಒಂದು ಚೌಕಟ್ಟಿನಲ್ಲಿ ಕೂಡಿಸಿದವರು ನಾವು. ಬಳ್ಳಾರಿಯ ಚೂರು ಮೂರು ವರ್ಷ ಮೊದಲೇ ಬಂದು ಕೂತಿತ್ತು. ಕಾಸರಗೋಡಿನ ಚೂರು ಪಕ್ಕದ ಪೆಟ್ಟಿಗೆಯಲ್ಲಿ ಉಳಿಯಿತು. ನನ್ನ ತಂಗಿಯ ಮಗಳಿಗೆ ಜಿಲ್ಲೆಗಳನ್ನು ಕಲಿಸಲೆಂದು ಕರ್ನಾಟಕದ ಭೂಪಟವನ್ನು ಒಂದು ತಾಣಕ್ಕೆ ಏರಿಸಿದಾಗ ಈಗಿನ ಜಿಗ್ಸಾಕ್ಕೂ ಸ್ಪಿಲ್ಸ್‌ಬರಿಯ ಜಿಗ್ಸಾಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ರಾಚಿತು. ಯಂತ್ರಕ್ಕೆ ಗಡಿ ಗೊತ್ತಿಲ್ಲ. ಅದು ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಸಮನಾಗಿ ಸೀಳುತ್ತದೆ. ಕೋಲಾರದ ಅರ್ಧ, ಚಿಕ್ಕಬಳ್ಳಾಪುರದ ಕಾಲು, ಆಂಧ್ರದ ಒಂದಿಷ್ಟು ಸೇರಿ ಒಂದು ಚೂರು. 2021ರಲ್ಲಿ 31ನೆಯ ಜಿಲ್ಲೆಯಾದ ವಿಜಯನಗರ ಮೂರು ತುಂಡಾಗಿ ಬಿದ್ದಿತ್ತು. ಹುಡುಗಿ ಅದನ್ನು ಏಳು ನಿಮಿಷದಲ್ಲಿ ಕೂಡಿಸಿದಳು, ಬಣ್ಣ ನೋಡಿಕೊಂಡು. ಜಿಲ್ಲೆಯ ಹೆಸರು ಒಂದನ್ನೂ ಓದಲಿಲ್ಲ.

ಯಂತ್ರ ಕೊಯ್ಯುವ ಬಗೆ ಸರಳವಾದುದು. ಚಿತ್ರದ ಮೇಲೊಂದು ಬಲೆ ಹಾಸುತ್ತದೆ. ಬಲೆಯ ಪ್ರತಿ ಗೆರೆಯ ನಡುವೆ ಒಂದು ಗುಬುಟು ಎಬ್ಬಿಸುತ್ತದೆ. ಒಂದು ಚೂರಿಗೆ ಅದು ಉಬ್ಬು, ಪಕ್ಕದ ಚೂರಿಗೆ ತಗ್ಗು. ನೂರು ಚೂರಿನ ಜಿಗ್ಸಾದಲ್ಲಿ, ಹತ್ತು ಸಾಲು ಹತ್ತು ಕಂಬವೆಂದು ಇಟ್ಟುಕೊಂಡರೆ, ಮೂಲೆಯವು 4, ಅಂಚಿನವು 32, ಒಳಗಿನವು 64. ಕೂಡಬೇಕಾದ ಸಂದುಗಳು 180. ಇಪ್ಪತ್ತು ಹದಿನೈದರಂತೆ ಮುನ್ನೂರು ಚೂರು ಮಾಡಿದರೆ ಸಂದುಗಳು 565 ಆಗುತ್ತವೆ, ಅಂಚು ಹಾಗೂ ಮೂಲೆಯ ಚೂರುಗಳು ಮಾತ್ರ 66ಕ್ಕೇ ನಿಲ್ಲುತ್ತವೆ. ‘ಮೊದಲು ಅಂಚು ಕಟ್ಟು’ ಎಂಬ ಹಿರಿಯರ ಉಪದೇಶ ನೂರರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೆಲಸ ಮುಗಿಸಿಕೊಟ್ಟರೆ ಮುನ್ನೂರರಲ್ಲಿ ಕಾಲು ಭಾಗವನ್ನೂ ಮುಗಿಸಿಕೊಡುವುದಿಲ್ಲ. ಚೂರು ಹೆಚ್ಚಿದಂತೆ ಅಂಚಿನ ಆಸರೆ ಕಡಿಮೆಯಾಗುತ್ತದೆ, ನಡುಕಣದಲ್ಲಿ ನಾವು ಒಂಟಿಯಾಗುತ್ತೇವೆ.

ಜಿಗ್ಸಾ ಮಾಡುವವರ ಜಾಣತನವಿರುವುದು ಕೊಯ್ಯುವುದರಲ್ಲಿ ಅಲ್ಲ, ಚಿತ್ರ ಆರಿಸುವುದರಲ್ಲಿ. ನೋಡಲು ಚೆಂದವಾದ ಚಿತ್ರ ಕೂಡಿಸಲು ಚೆಂದವಾಗಿರಬೇಕೆಂದೇನಿಲ್ಲ. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನದಲ್ಲಿ ಸೂರ್ಯಕಿರಣ ತಂಡದ ಒಂಬತ್ತು ಕೆಂಪು-ಬಿಳಿ ವಿಮಾನಗಳು ಸಾಲಾಗಿ ಹಾರುವ ಚಿತ್ರ ನಮ್ಮ ಬಡಾವಣೆಯ ಪ್ರತಿ ಮೊಬೈಲಿನಲ್ಲೂ ಇದೆ. ಅದನ್ನು ಜಿಗ್ಸಾ ಮಾಡಿದರೆ ಒಂಬತ್ತು ವಿಮಾನ ಐದು ನಿಮಿಷದಲ್ಲಿ ಮುಗಿದು, ಉಳಿದ ಎಂಬತ್ತು ಚೂರು ಬರಿಯ ನೀಲಿ ಆಕಾಶ. ಅದು ಆಟವಲ್ಲ, ಶಿಕ್ಷೆ. ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳದೂ ಅದೇ ಪಾಡು, ಆಕಾಶದ ಬದಲು ನೀರು. ಯಶವಂತಪುರದ ಮಾರುಕಟ್ಟೆಯ ಈರುಳ್ಳಿ ರಾಶಿಯಂತೂ ವೈರಿಗೆ ಕಳಿಸತಕ್ಕದ್ದು. ಜಿ.ಕೆ.ವಿ.ಕೆ. ಕೃಷಿಮೇಳದ ಜನಜಂಗುಳಿ, ಸಂತೆಯ ಹೂವಿನಂಗಡಿ, ಕಪಾಟಿನ ಪುಸ್ತಕಗಳ ಬೆನ್ನು, ಗೊಂಬೆ ಹಬ್ಬದ ಮೆಟ್ಟಿಲು ಇವೆಲ್ಲ ಉತ್ತಮ. ಪ್ರತಿ ಚೂರಿನಲ್ಲೂ ಹಿಡಿಯಲೊಂದು ಗುರುತು ಇರಬೇಕು, ಆದರೆ ಅದು ಎಲ್ಲಿಯದೆಂದು ತಟ್ಟನೆ ತಿಳಿಯಬಾರದು. ರಂಗೋಲಿ ಮೋಸದ ಚಿತ್ರ: ನಾಲ್ಕು ದಿಕ್ಕಿನಲ್ಲೂ ಒಂದೇ ಹಾಗೆ ಇರುವುದರಿಂದ ಸರಿಯೆಂದು ಕಂಡ ಚೂರು ಕೂರುವುದೇ ಇಲ್ಲ.

ನಾನು ಮಾಡಿದವುಗಳಲ್ಲಿ ನನಗೆ ಅತಿ ಪ್ರಿಯವಾದುದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನದು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ಬೆಳಕಿಗೆ ಬಂತು. ಮೇಲ್ಸೇತುವೆಯ ವಾಹನದಟ್ಟಣೆಯಿಂದಲೇ ಹೆಸರಾದ ಹೆಬ್ಬಾಳಕ್ಕೆ ಹನ್ನೆರಡೂವರೆ ಶತಮಾನಗಳಿಗೂ ಹಿಂದಿನ ಕನ್ನಡದ ದಾಖಲೆಯೊಂದು ದೊರೆತದ್ದು ಹೀಗೆ. ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯಡಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಲಾಗುತ್ತಿದ್ದು, ಬರಿಗಣ್ಣಿಗೆ ಕಾಣದ ಅಕ್ಷರಗಳೂ ಆ ಬಿಂಬಗಳಲ್ಲಿ ಎದ್ದು ಕಾಣುತ್ತವೆ. ನಾನು ಕಲ್ಲಿನ ಮುಂದೆ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರವನ್ನೇ ನೂರು ಚೂರು ಮಾಡಿ ಕೆಲವು ಗೆಳತಿಯರಿಗೆ ಕಳಿಸಿದೆ. ಎಲ್ಲವೂ ಒಂದೇ ಕಲ್ಲಿನ ಬಣ್ಣ. ಮೊದಮೊದಲು ಬೈದರು. ಆಮೇಲೆ ಒಬ್ಬಾಕೆ ಕೇಳಿದಳು: “ಆ ವೀರನ ಕೈಯಲ್ಲಿರುವ ಕತ್ತಿ ಯಾವ ಕಡೆಗೆ ಬಾಗಿದೆ ಎಂದು ಗಮನಿಸಿದೆಯಾ?” ಆ ಕಲ್ಲಿನ ಪಕ್ಕದ ರಸ್ತೆಯಲ್ಲಿ ಆಕೆ ದಿನವೂ ಕಚೇರಿಗೆ ಹೋಗುವವಳು.

ನೋಡುವುದೆಂದರೆ ಇದು. ನಮ್ಮ ಮೊಬೈಲುಗಳಲ್ಲಿ ಸಾವಿರಗಟ್ಟಲೆ ಚಿತ್ರಗಳಿವೆ, ಒಂದನ್ನೂ ಎರಡು ಸೆಕೆಂಡಿಗಿಂತ ಹೆಚ್ಚು ನೋಡಿದವರಿಲ್ಲ. ಜಿಗ್ಸಾ ಒಂದೇ ಚಿತ್ರದೊಳಗೆ ಮುಕ್ಕಾಲು ಗಂಟೆ ಕೂರಿಸುತ್ತದೆ; ಸೀರೆಯ ಅಂಚು, ಗೋಡೆಯ ಬಿರುಕು, ನೆರಳು ಬಿದ್ದ ಕೋನ ಎಲ್ಲದಕ್ಕೂ ಲೆಕ್ಕ ಕೊಡಿಸುತ್ತದೆ. ಯಂತ್ರಕ್ಕೂ ಈ ಕೆಲಸ ಸಲೀಸಲ್ಲ. 1964ರಲ್ಲಿ ಫ್ರೀಮನ್ ಮತ್ತು ಗಾರ್ಡರ್ ಎಂಬಿಬ್ಬರು ಕಂಪ್ಯೂಟರಿನಿಂದ ಚಿತ್ರವಿಲ್ಲದ, ಬರಿಯ ಆಕಾರದ ಒಂಬತ್ತು ಚೂರುಗಳನ್ನು ಕೂಡಿಸಿದ್ದೇ ದೊಡ್ಡ ಸಾಧನೆಯಾಗಿತ್ತು. ಪೂರ್ವ ಜರ್ಮನಿಯ ಗುಪ್ತಚರ ಪೊಲೀಸರು 1989ರಲ್ಲಿ ಅವಸರದಿಂದ ಹರಿದುಹಾಕಿದ ಕಡತಗಳು ಸಾವಿರಾರು ಚೀಲಗಳಲ್ಲಿ ಸಿಕ್ಕಾಗ ಅವನ್ನು ಕೂಡಿಸಲು ಯಂತ್ರವನ್ನೇ ರಚಿಸಿದರು. ಹಾಗಿದ್ದೂ ಯಂತ್ರ ಕೂಡಿಸಿದ್ದಕ್ಕಿಂತ ಸಿಬ್ಬಂದಿ ಕೈಯಿಂದ, ಅಂಟುಪಟ್ಟಿ ಹಚ್ಚಿ ಕೂಡಿಸಿದ ಚೀಲಗಳೇ ಬಹುಪಾಲು ಹೆಚ್ಚು. ತಮ್ಮ ಮೇಲೆ ಬೇಹುಗಾರಿಕೆ ನಡೆಸಿದವರು ಯಾರೆಂದು ತಿಳಿಯಲು ಜನ ಕಾದಿದ್ದರು. ಅಲ್ಲಿ ಕಳೆದುಹೋದ ಚೂರಿಗೆ ಬೇರೆಯೇ ಬೆಲೆ.

ಈ ಆಟದ ಹೆಸರಿನಲ್ಲಿ ಹಬ್ಬಿರುವ ಒಂದು ಭರವಸೆಯ ಬಗ್ಗೆ ಮಾತ್ರ ಖಂಡಿತವಾಗಿ ಹೇಳಬೇಕು. ಆರ್.ಟಿ. ನಗರದಲ್ಲಿ ನನ್ನ ದೊಡ್ಡಮ್ಮನಿದ್ದಾರೆ, ಎಪ್ಪತ್ತೆಂಟು ವರ್ಷ. ಎರಡು ವರ್ಷದಿಂದ ಮರೆವು ಹೆಚ್ಚಿದೆ. ಡಲ್ಲಾಸಿನಲ್ಲಿರುವ ಮೊಮ್ಮಗ ದಿನವೂ ಒಂದು ಜಿಗ್ಸಾ ಕಳಿಸುತ್ತಾನೆ. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಬೆಳಗಿನ ಎಂಟೂವರೆ. ಕಾಫಿ ಕುಡಿದ ಲೋಟ ಪಕ್ಕಕ್ಕಿಟ್ಟು ಅಜ್ಜಿ ಟ್ಯಾಬ್ಲೆಟ್ ಹಿಡಿದು ಕೂರುತ್ತಾರೆ. ‘ಜಿಗ್ಸಾ ಆಡಿದರೆ ಮರೆವಿನ ಕಾಯಿಲೆ ಹತ್ತಿರ ಸುಳಿಯದು’ ಎಂದು ಯಾರೋ ಕಳಿಸಿದ ಸಂದೇಶವನ್ನು ನಂಬಿ ಮನೆಯವರು ದಿನಕ್ಕೆ ಒಂದರ ಬದಲು ಮೂರು ಮಾಡಿಸತೊಡಗಿದರು. ದೊಡ್ಡಮ್ಮ ಸುಸ್ತಾಗಿ ಕಣ್ಣೀರಿಟ್ಟರು. ಜರ್ಮನಿಯ ಸಂಶೋಧಕರು ಐವತ್ತು ದಾಟಿದ ನೂರು ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಅರ್ಧ ಮಂದಿ ಮೂವತ್ತು ದಿನ, ದಿನಕ್ಕೊಂದು ಗಂಟೆಯಾದರೂ ಜಿಗ್ಸಾ ಕೂಡಿಸಿದರು. ಆಟದಲ್ಲಿ ಕೈ ಪಳಗಿತು, ಆದರೆ ಬುದ್ಧಿಶಕ್ತಿಯಲ್ಲಿ ಗಣನೀಯ ಲಾಭ ಕಾಣಲಿಲ್ಲ. ಬಹುಕಾಲದಿಂದ ಆಡುತ್ತ ಬಂದವರ ವಿಷಯ ಬೇರೆ ಇರಬಹುದು, ಅದು ಇನ್ನೂ ಸಿದ್ಧವಾಗಿಲ್ಲ. ಈ ಸುದ್ದಿಯನ್ನು ನಾನು ಮನೆಯವರಿಗೆ ಓದಿ ಹೇಳಿದೆ. ಈಗ ಮತ್ತೆ ದಿನಕ್ಕೊಂದೇ, ಬೇಡವೆನಿಸಿದ ದಿನ ಅದೂ ಇಲ್ಲ. ಆಟಕ್ಕೆ ಔಷಧಿಯ ಕೆಲಸ ಹಚ್ಚಿದರೆ ಅದು ಆಟವಾಗಿ ಉಳಿಯದು, ಔಷಧಿಯೂ ಆಗದು.

ಎಚ್ಚರ ವಹಿಸಬೇಕಾದ ಸಂಗತಿಗಳೂ ಉಂಟು. ಹಲವು ತಾಣಗಳಲ್ಲಿ ನಾವು ಏರಿಸಿದ ಚಿತ್ರ ಸಾರ್ವಜನಿಕವಾಗಿ ತೆರೆದುಕೊಳ್ಳುತ್ತದೆ. ‘ಕೊಂಡಿ ಇರುವವರಿಗೆ ಮಾತ್ರ’ ಎಂಬ ಆಯ್ಕೆಯನ್ನು ನಾವೇ ಹುಡುಕಿ ಒತ್ತಬೇಕು. ಮೊಮ್ಮಗುವಿನ ಎಣ್ಣೆಸ್ನಾನದ ಚಿತ್ರವನ್ನು ಅಪರಿಚಿತರು ಕೂಡಿಸುವುದು ಯಾವ ಅಜ್ಜಿಗೂ ಬೇಕಿರಲಾರದು. ಇನ್ನೊಬ್ಬರು ತೆಗೆದ ಚಿತ್ರವಾದರೆ ಹಕ್ಕು ಅವರದು: 2012ರ ತಿದ್ದುಪಡಿಯ ನಂತರ ನಮ್ಮ ಕಾಯಿದೆಯಲ್ಲಿ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ. ಇನ್ನು ಬಾಳಿಕೆಯ ಮಾತು. ಫ್ಲ್ಯಾಶ್ ತಂತ್ರಾಂಶಕ್ಕೆ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಾಗ ಅದರಲ್ಲಿ ರಚಿಸಿದ್ದ ಲೆಕ್ಕವಿಲ್ಲದಷ್ಟು ಆಟಗಳು ತೆರೆಯದಾದವು. ಜಿಗ್ಸಾ ಹೋದರೆ ಹೋಗಲಿ, ಮೂಲಚಿತ್ರ ನಿಮ್ಮ ಬಳಿ ಇರಲಿ.

ಮೂಲಚಿತ್ರವೆಂದಾಗ ನೆನಪಾಯಿತು. ಕಳೆದ ದಸರೆಯಲ್ಲಿ ದೊಡ್ಡಮ್ಮನ ಟ್ರಂಕಿನಿಂದ 1971ರ ಮದುವೆಯೊಂದರ ಕಪ್ಪು-ಬಿಳುಪು ಚಿತ್ರ ಹೊರಬಂತು. ಸ್ಟುಡಿಯೊದವರಲ್ಲ, ಯಾರೋ ನೆಂಟರು ತೆಗೆದದ್ದು. ಮೂವತ್ತೊಂದು ಜನ, ಹಿಂದೆ ತೆಂಗಿನ ಗರಿಯ ಚಪ್ಪರ. ಮೊಮ್ಮಗನೂ ನಾನೂ ಸೇರಿ ಅದನ್ನು ನೂರಿಪ್ಪತ್ತು ಚೂರು ಮಾಡಿದೆವು. ಬೂದುಬಣ್ಣದ ಛಾಯೆಗಳಲ್ಲಿ ದಾರಿ ಹುಡುಕುವುದು ಕಷ್ಟ. ಮೂರು ದಿನ ಹಿಡಿಯಿತು. ಇಡೀ ಚಿತ್ರವನ್ನು ಕೈಗಿಟ್ಟಾಗ “ನನಗೆ ಯಾರೂ ಗೊತ್ತಿಲ್ಲ ಕಣೇ” ಎಂದಿದ್ದವರು ಚೂರಿನಲ್ಲಿ ಬರಿಯ ಒಂದು ಕೈ, ಅದರ ಮೇಲೊಂದು ಗಡಿಯಾರ ಕಂಡಾಗ “ಇದು ನಮ್ಮಣ್ಣಂದು, ಬಲಗೈಗೆ ಕಟ್ಟೋನು” ಎಂದರು. ಹಾಗೆ ಹನ್ನೊಂದು ಜನರ ಹೆಸರು ಸಿಕ್ಕಿತು. ಹಿಂದಿನ ಸಾಲಿನ ಎಡತುದಿಯಲ್ಲಿ, ಅರ್ಧ ಮುಖವಷ್ಟೇ ಚೌಕಟ್ಟಿನೊಳಗಿರುವ ಹುಡುಗಿಗೆ ಸೋಮವಾರ ಒಂದು ಹೆಸರು ಹೇಳಿದರು, ಬುಧವಾರ ಇನ್ನೊಂದು. ಎರಡನ್ನೂ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.