ಮೊಬೈಲಿನಲ್ಲಿ ಚೌಕಾಬಾರ: ಅಜ್ಜಿಗಾಗಿ ಕಾಯಿ ನಡೆಸಿದ ಮೊಮ್ಮಗ

ಚೆನ್ನೈ: "ಕಾಯಿ ಮನೆ ಎಣಿಸದೇ ಹಾರಿಬಿಡ್ತಲ್ಲೋ, ಇದು ಮೋಸದಾಟ!" ಹೀಗೆಂದು ಅಜ್ಜಿ ಮೊಬೈಲನ್ನು ಕೆಳಗಿಟ್ಟುಬಿಟ್ಟರು. ಪೋರೂರಿನ ಕನ್ನಡ ಕುಟುಂಬವೊಂದರ ಕಾಲೇಜು ವಿದ್ಯಾರ್ಥಿ ರಜೆಯಲ್ಲಿ ತಯಾರಿಸಿದ ಚೌಕಾಬಾರಕ್ಕೆ ಸಿಕ್ಕ ಮೊದಲ ವಿಮರ್ಶೆ ಇದು.

ಅಜ್ಜಿ ಮೈಸೂರಿನವರು. ಮಗನ ಮನೆಗೆ ಬರುವಾಗ ಕವಡೆ ಡಬ್ಬಿಯನ್ನು ಮರೆಯದೆ ತಂದಿದ್ದರು. ಆದರೆ ಮಂಡಿನೋವಿನಿಂದ ನೆಲದಲ್ಲಿ ಕೂರಲಾಗದು. ಹಗಲಿನಲ್ಲಿ ಮಗ ಸೊಸೆ ಇಬ್ಬರೂ ಆಫೀಸಿಗೆ. ಜೊತೆಗೆ ಆಡುವವರೇ ಇಲ್ಲ. ಯಂತ್ರವಾದರೂ ಎದುರಾಳಿಯಾಗಲಿ ಎಂಬುದು ಮೊಮ್ಮಗನ ಆಸೆ.

ಇದಕ್ಕೆ ಆತ ಬಳಸಿದ್ದು ಗೋಡೋ ಎಂಬ ಗೇಮ್ ಎಂಜಿನ್. ಅರ್ಜೆಂಟೀನಾದ ಇಬ್ಬರು ರೂಪಿಸಿದ ಈ ತಂತ್ರಾಂಶ 2014ರಿಂದ ಎಲ್ಲರಿಗೂ ಮುಕ್ತ, ಕಾಸು ಕೊಡಬೇಕಿಲ್ಲ. ಚಿತ್ರ ತೋರಿಸುವ, ಸದ್ದು ಮಾಡುವ ಕೆಲಸ ಎಂಜಿನ್ನಿನದು; ಕಾಯಿ ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕೆಂಬುದನ್ನು ಮಾತ್ರ ನಾವು ಬರೆದುಕೊಡಬೇಕು. ಸುಲಭವೆನಿಸಿದ ಈ ಭಾಗವೇ ಹುಡುಗನನ್ನು ಕಾಡಿದ್ದು.

ಮೊದಲಿಗೆ ಕಾಯಿ ಒಂದು ಮನೆಯಲ್ಲಿ ಮಾಯವಾಗಿ ಇನ್ನೊಂದರಲ್ಲಿ ಮೂಡುತ್ತಿತ್ತು. ಅಜ್ಜಿಯ ಆಕ್ಷೇಪ ಅದಕ್ಕೇ. ಸರಿ, ಜಾರಿಕೊಂಡು ಹೋಗಲಿ ಎಂದು ಪರದೆಯ ಚಿತ್ರ ಬದಲಾದಾಗಲೆಲ್ಲ 4 ಚುಕ್ಕೆ ಸರಿಯುವಂತೆ ಬರೆದ. ಸೆಕೆಂಡಿಗೆ 60 ಚಿತ್ರ ತೋರುವ ಲ್ಯಾಪ್‌ಟಾಪಿನಲ್ಲಿ ಅದು 240 ಚುಕ್ಕೆ ಓಡಿತು. 30 ಚಿತ್ರಕ್ಕೇ ಸುಸ್ತಾಗುವ ಅಜ್ಜಿಯ ಹಳೆಯ ಮೊಬೈಲಿನಲ್ಲಿ 120 ಮಾತ್ರ! ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕುವುದು ಕಳೆದ ದಿನಗಳಿಗೆ, ಲೆಡ್ಜರು ಎಷ್ಟು ಸಲ ತೆರೆದೆವು ಎಂಬುದಕ್ಕಲ್ಲ. ಇಲ್ಲೂ ಹಾಗೆಯೇ. ಹಿಂದಿನ ಚಿತ್ರದಿಂದ ಈಚೆಗೆ ಕಳೆದ ಸಮಯವನ್ನು ಎಂಜಿನ್ 'ಡೆಲ್ಟಾ' ಎಂದು ಕೊಡುತ್ತದೆ. ವೇಗವನ್ನು ಅದರಿಂದ ಗುಣಿಸಿದರೆ ಎರಡು ಯಂತ್ರದಲ್ಲೂ ಒಂದೇ ನಡಿಗೆ.

ಆಮೇಲೆ ಕಾಯಿ ನಿಲ್ಲಲೊಲ್ಲದು. 100 ಚುಕ್ಕೆ ದೂರದ ಮನೆಗೆ 8ರಂತೆ ಹೆಜ್ಜೆ ಹಾಕಿದರೆ 96, ಮುಂದಿನದು 104. ಸರಿಯಾಗಿ 100 ಬಂದಾಗ ನಿಲ್ಲು ಎಂದರೆ ಆ ಗಳಿಗೆ ಬರುವುದೇ ಇಲ್ಲ. ಉಳಿದ ದೂರ ಹೆಜ್ಜೆಗಿಂತ ಕಡಿಮೆಯಾದರೆ ಗುರಿಯಲ್ಲೇ ನಿಲ್ಲಿಸುವ 'ಮೂವ್ ಟುವರ್ಡ್' ಎಂಬ ಸಿದ್ಧ ಸೂತ್ರ ಗೋಡೋದಲ್ಲೇ ಇತ್ತು.

ಇಷ್ಟಾದರೂ ಅಜ್ಜಿ ಒಪ್ಪಲಿಲ್ಲ. ಚೌಕ, ಅಂದರೆ ನಾಲ್ಕು ಬಿದ್ದಾಗ, ಕಾಯಿ ತನ್ನ ಕಟ್ಟೆಯಿಂದ ಬಲಗಡೆಯ ಕಟ್ಟೆಗೆ ಅಡ್ಡಡ್ಡವಾಗಿ ಹೊರಟು ಒಳಮನೆಯ ಮೇಲೆ ಹಾದುಹೋಯಿತು. ಎದುರಾಳಿಯ ಕಾಯಿ ಹೊಡೆಯದೆ ಒಳಗೆ ಕಾಲಿಡುವಂತಿಲ್ಲ ಎಂಬುದು ಅವರ ಮನೆಯ ಕಟ್ಟಳೆ. ಕೊನೆಯ ಮನೆಯನ್ನಷ್ಟೇ ಗುರಿಯಾಗಿ ಕೊಟ್ಟದ್ದೇ ತಪ್ಪು ಎಂದು ಹುಡುಗನಿಗೆ ಆಗ ಹೊಳೆಯಿತು.

ಈಗ ಪ್ರತಿ ಆಟಗಾರನ ದಾರಿಗೂ ಒಂದು ಪಟ್ಟಿಯಿದೆ. ಅಪ್ರದಕ್ಷಿಣೆಯ ಹೊರಸುತ್ತಿಗೆ 16 ಮನೆ, ಪ್ರದಕ್ಷಿಣೆಯ ಒಳಸುತ್ತಿಗೆ 8, ನಡುವಿನ ಹಣ್ಣಿನ ಮನೆ 1, ಒಟ್ಟು 25. ಐದೈದರ ಮಣೆಯಲ್ಲಿ ಒಂದು ಮನೆಯೂ ಬಿಟ್ಟುಹೋಗುವುದಿಲ್ಲ! ಕಾಯಿ ಪಟ್ಟಿಯ ಮುಂದಿನ ಮನೆಗೆ ಹೋಗಿ, ತುಸು ನಿಂತು, ಅದರ ಮುಂದಿನದಕ್ಕೆ ಹೊರಡುತ್ತದೆ. ಕವಡೆ ಹೇಳಿದಷ್ಟು ಮನೆ ಮುಗಿದಾಗ ನಿಲ್ಲುತ್ತದೆ. ಬಾರ ಬಿದ್ದರೆ ಎಂಟು ಬಾರಿ ನಿಂತು ನಿಂತು ಸಾಗುವುದನ್ನು ನೋಡುವುದೇ ಚೆಂದ.

ಈ ಆಟಗಳಿಗೆ ಮೈಸೂರಿನಲ್ಲಿ ಅರಮನೆಯ ಗೌರವವೂ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗವನ್ನು ಆಟಗಳಿಗೇ ಮೀಸಲಿಟ್ಟಿದ್ದರು.

ಅಜ್ಜಿಯ ಕೋರಿಕೆಯಂತೆ ವೇಗವನ್ನು 240ರಿಂದ 150ಕ್ಕೆ ಇಳಿಸಲಾಗಿದೆ. ಕಾಯಿ ನಿಂತಲ್ಲೆಲ್ಲ ಅವರು ಕುರ್ಚಿಯ ಕೈ ಮೇಲೆ ಬೆರಳು ತಟ್ಟಿ ಎಣಿಸುತ್ತಾರೆ. ಮೋಸದ ದೂರು ಈಗಿಲ್ಲ. ಎದುರು ಫ್ಲಾಟಿನ ತಮಿಳು ಪಾಟಿಯಮ್ಮ ಮಾತ್ರ, ಒಂದು ಬೀಳದೆ ಕಾಯಿ ಹೊರಡಬಾರದು, ನಮ್ಮ ದಾಯದಲ್ಲಿ ಹಾಗೇ ಎಂದು ಹಟ ಹಿಡಿದಿದ್ದಾರೆ. ಹುಡುಗ ಅದನ್ನೂ ಬರೆಯುತ್ತಿದ್ದಾನೆ.