ನಾಯಿಮರಿಯನ್ನು ಸಾಕುವ ಮುನ್ನ

ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆಗಳನ್ನು ನೋಡಿ ನಾಲ್ವರನ್ನು ವಿಚಾರಿಸುವ ಬೇಸಾಯಗಾರರು, ನಾಯಿಮರಿಯ ವಿಷಯದಲ್ಲಿ ಮಾತ್ರ ಅದರ ಅಂದಕ್ಕೆ ಮರುಳಾಗಿ ಎತ್ತಿಕೊಂಡು ಬರುವುದುಂಟು. ನಾಯಿಯು 10-12 ವರ್ಷ ಬದುಕತಕ್ಕ ಪ್ರಾಣಿ. ಅಷ್ಟು ಕಾಲ ಅದಕ್ಕೆ ಆಹಾರ, ನೆರಳು, ಔಷಧಿಗಳನ್ನು ಒದಗಿಸುವ ಶಕ್ತಿಯಿದೆಯೇ, ದಿನವೂ ಅದರೊಡನಿರಲು ಮನೆಯಲ್ಲಿ ಒಬ್ಬರಿಗಾದರೂ ಬಿಡುವುಂಟೇ ಎಂಬುದನ್ನು ಮೊದಲು ಆಲೋಚಿಸತಕ್ಕದ್ದು.

ತಳಿಯು ಕೆಲಸಕ್ಕೆ ಹೊಂದಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ಬಹಳ ಪ್ರಸಿದ್ಧವಾದುದು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅದು ಬೇಟೆಯ ನಾಯಿ. ಓಡುವ ಪ್ರಾಣಿಯನ್ನು ಅಟ್ಟುವುದು ಅದರ ಹುಟ್ಟುಗುಣ. ಓಡಾಡಲು ಬಯಲಿಲ್ಲದ ಮನೆಗೆ ಅದು ತಕ್ಕುದಲ್ಲ. ಕೋಳಿ ಕುರಿಗಳಿರುವ ಅಂಗಳದಲ್ಲಿ ಅದನ್ನು ಚಿಕ್ಕಂದಿನಿಂದಲೇ ಪಳಗಿಸದೆ ಬಿಡುವುದು ಕ್ಷೇಮವೂ ಅಲ್ಲ. ಈ ತಳಿಯನ್ನು ಬಯಸುವವರು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯವು ನಡೆಸುವ ಶ್ವಾನ ಸಂಶೋಧನಾ ಕೇಂದ್ರವನ್ನು ವಿಚಾರಿಸುವುದು ಒಳ್ಳೆಯದು.

ಮರಿಯು 8 ವಾರ ತುಂಬುವ ತನಕ ತಾಯಿಯ ಬಳಿಯಲ್ಲಿಯೇ ಇರಲಿ. ಒಡಹುಟ್ಟಿದವುಗಳೊಡನೆ ಆಡುತ್ತಲೇ ಅದು ಗಟ್ಟಿಯಾಗಿ ಕಚ್ಚಬಾರದೆಂಬುದನ್ನು ಕಲಿಯುತ್ತದೆ. ಕಣ್ಣು ನಿರ್ಮಲವಾಗಿದ್ದು, ಭೇದಿಯಿಲ್ಲದೆ, ಕರೆದರೆ ಅಂಜದೆ ಬಳಿಗೆ ಬರುವ ಮರಿಯನ್ನು ಆರಿಸಿಕೊಳ್ಳಬೇಕು. ತಂದೊಡನೆ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧಿಯನ್ನೂ, 3 ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿಸಿ, ಮುಂದೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಹಾಕಿಸತಕ್ಕದ್ದು.

ಈ ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನು ಉಳಿಯುವುದು ಅತಿ ವಿರಳ. ಆದುದರಿಂದ ಕಚ್ಚಿದುದು ಮನೆಯ ಮರಿಯೇ ಆಗಿರಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿಗಳನ್ನು ಹಚ್ಚಲೇಬಾರದು.

ಕಲಿಸುವ ಕೆಲಸವು ಮರಿಯು ಬಂದ ದಿನವೇ ಮೊದಲಾಗಬೇಕು. ಮನೆಯವರೆಲ್ಲರೂ ಅದನ್ನು ಒಂದೇ ಹೆಸರಿನಿಂದ ಕರೆದು, ಒಂದು ಕೆಲಸಕ್ಕೆ ಒಂದೇ ಮಾತನ್ನು ಬಳಸಲಿ. ಹೇಳಿದಂತೆ ಕೇಳಿದ ಕ್ಷಣದಲ್ಲಿಯೇ ರೊಟ್ಟಿಯ ಚೂರೊಂದನ್ನು ಕೊಟ್ಟು ಮೈದಡವಿದರೆ ಪಾಠವು ಬೇಗನೆ ಮನಸ್ಸಿಗೆ ಹತ್ತುತ್ತದೆ. ಹೊಡೆತದಿಂದ ಕಲಿಯುವುದು ಅಂಜಿಕೆಯೊಂದನ್ನೇ. ಅಂಜಿದ ನಾಯಿಯೇ ಬಹುವಾಗಿ ಕಚ್ಚುವುದು. ಹಗಲಿರುಳೂ ಸರಪಳಿಯಲ್ಲಿ ಕಟ್ಟಿದ ನಾಯಿಯೂ ಸಿಡುಕಿನದಾಗುತ್ತದೆ. ಉಣ್ಣುವ ನಾಯಿಯನ್ನು ಕೆಣಕಬಾರದೆಂದು ಮಕ್ಕಳಿಗೂ ಕಲಿಸಬೇಕು.

ಸಾಕಲಾರದೆ ಸಂತೆಯ ಬಯಲಿನಲ್ಲಿ ಬಿಟ್ಟುಬಂದ ಮರಿಯು, ವರ್ಷ ಕಳೆಯುವುದರೊಳಗೆ ನೆರೆಯವರ ಕುರಿಗಳನ್ನು ಹಿಡಿಯುವ ಬೀಡಾಡಿ ನಾಯಿಯಾದೀತು. ಆದಕಾರಣ ತರಲಾರದವರು ತರದಿರುವುದೇ ಲೇಸು. ತಂದವರು ಕೊನೆಯವರೆಗೆ ಸಾಕುವುದೇ ಧರ್ಮ.